ಮೊದಲು ಯಾವುದು, ಆಮೇಲೆ ಯಾವುದು

ಕೇಳುಗರಿಗೆ ನಮಸ್ಕಾರ.

ಪೀಣ್ಯದ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ನನ್ನ ಕೆಲಸ. ಮುನ್ನೂರು ಜನರ ಸಂಬಳದ ಲೆಕ್ಕ ಪ್ರತಿ ತಿಂಗಳೂ ನನ್ನ ಕೈಯಿಂದಲೇ ಹೋಗುತ್ತದೆ. ಜನವರಿ ಬಂತು ಅಂದ್ರೆ ಉಳಿತಾಯದ ರಸೀದಿ ತಂದುಕೊಡಿ ಎಂದು ನೋಟಿಸು ಹಾಕುತ್ತೇವೆ. ಆಗ ನನ್ನ ಮೇಜಿನ ಮುಂದೆ ಬಂದು ನಿಲ್ಲುವ ಹೆಣ್ಣುಮಕ್ಕಳೆಲ್ಲ ಓದಿದವರೇ. ಎಂಜಿನಿಯರುಗಳು, ಸೂಪರ್‌ವೈಸರುಗಳು. ಪಾಲಿಸಿ ಕಾಗದ ಮುಂದಿಟ್ಟು, "ಮೇಡಂ, ಇದು ಯಾವುದೋ ಗೊತ್ತಿಲ್ಲ, ನಮ್ಮನೆಯವರು ಮಾಡ್ಸಿದ್ದು. ಎಲ್ಲಿ ಸೈನ್ ಹಾಕ್ಲಿ?" ಅನ್ನುತ್ತಾರೆ. ವರ್ಷಕ್ಕೆ ನಲವತ್ತು ಸಾವಿರದ ಕಂತು. ದುಡಿದವರು ಅವರು. ಯಾತಕ್ಕೆ ಹೋಗ್ತಿದೆ ಅನ್ನುವುದು ಮಾತ್ರ ಗೊತ್ತಿಲ್ಲ.

ತೆರಿಗೆ ಉಳಿಯುತ್ತೆ ಅಂತ ಮಾಡಿಸಿದ್ದು ಎನ್ನುತ್ತಾರೆ ಕೆಲವರು. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಈ ಕಂತಿಗೆ ತೆರಿಗೆ ವಿನಾಯಿತಿಯೇ ಇಲ್ಲ. ಆದರೂ ಕಂತು ನಡೆಯುತ್ತಲೇ ಇರುತ್ತದೆ.

ಅವರನ್ನು ನೋಡಿದಾಗ ನನ್ನದೇ ನೆನಪಾಗುತ್ತದೆ. 1997ರಲ್ಲಿ ನಾನು ಮೊದಲ ಕೆಲಸಕ್ಕೆ ಸೇರಿದೆ. 2003ರಲ್ಲಿ ಮದುವೆ, ಊರು ಬದಲಾಯಿತು, ಕೆಲಸ ಬಿಟ್ಟೆ. ಪಿಎಫ್ ಹಣ 58,000 ರೂಪಾಯಿ ಬಂತು. ಅದು ಛತ್ರದ ಅಡ್ವಾನ್ಸಿಗೂ ಅಡುಗೆಯವರಿಗೂ ಹೋಯಿತು. ಯಾರೂ ಬಲವಂತ ಮಾಡಲಿಲ್ಲ. ನಾನೇ ಖುಷಿಯಿಂದ ಕೊಟ್ಟೆ. ಆ ಹಣ ಅಲ್ಲೇ ಇದ್ದು, ಶೇಕಡ 8 ಬಡ್ಡಿ ಬಂದಿದ್ದರೂ 22 ವರ್ಷದಲ್ಲಿ ಮೂರು ಲಕ್ಷ ದಾಟುತ್ತಿತ್ತು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ನಮ್ಮ ಪಿಎಫ್ ಜೊತೆಗೇ ಪಿಂಚಣಿಯ ಲೆಕ್ಕವೂ ನಡೆಯುತ್ತದೆ. ಒಟ್ಟು ಹತ್ತು ವರ್ಷ ಸರ್ವೀಸು ತುಂಬಿದರೆ 58ನೇ ವಯಸ್ಸಿಗೆ ತಿಂಗಳ ಪಿಂಚಣಿ. ಕೆಲಸ ಬದಲಾಯಿಸಿದಾಗ ವರ್ಗಾಯಿಸಿಕೊಂಡರೆ ಹಿಂದಿನ ವರ್ಷಗಳೂ ಸೇರುತ್ತವೆ. ನಾನು ಪಿಂಚಣಿಯ ಪಾಲನ್ನೂ ಸೇರಿಸಿ ತೆಗೆದುಬಿಟ್ಟಿದ್ದರಿಂದ ನನ್ನ ಆರು ವರ್ಷ ಲೆಕ್ಕದಿಂದಲೇ ಹೋಯಿತು. ಮತ್ತೆ ಕೆಲಸಕ್ಕೆ ಸೇರಿದಾಗ ಸೊನ್ನೆಯಿಂದ ಶುರು. ಮದುವೆಗೆ ಖರ್ಚು ಬೇಡ ಅಂತಲ್ಲ. ನನ್ನ ಮುಪ್ಪು ಅನ್ನುವುದೂ ಒಂದು ಬಾಬ್ತು ಎಂದು ಆವತ್ತು ನನಗೆ ಹೊಳೆಯಲೇ ಇಲ್ಲ, ಅಷ್ಟೇ.

ಅದಕ್ಕೇ ಈಗ ಯಾರಾದರೂ ಬಂದು "ದುಡ್ಡು ಎಲ್ಲಿ ಹಾಕಲಿ ಮೇಡಂ?" ಅಂದರೆ, "ಯಾತಕ್ಕೆ ಬೇಕು, ಯಾವಾಗ ಬೇಕು, ಮೊದಲು ಅದನ್ನು ಬರ್ಕೊಂಡು ಬನ್ನಿ" ಅನ್ನುತ್ತೇನೆ.

ಎರಡು ವರ್ಷದ ಹಿಂದೆ ಕ್ವಾಲಿಟಿ ವಿಭಾಗದ ಒಬ್ಬಳು ಹಾಗೆ ಬರೆದು ತಂದಳು. ಡೈರಿಯ ಕೊನೆಯ ಹಾಳೆ. ಮನೆ ಸಾಲದ ಕಂತು. ಮಗಳ ಪಿಯುಸಿ. ಅಮ್ಮನ ಮೊಣಕಾಲು ಆಪರೇಷನ್. ಮೈದುನನ ಮದುವೆಗೆ ಮೂರು ಲಕ್ಷ. ಅತ್ತೆ ಮಾವನ ಕಾಶಿಯಾತ್ರೆ. ಹಾಳೆ ತುಂಬಿತ್ತು. "ಇದರಲ್ಲಿ ನೀನೆಲ್ಲಿದ್ದೀಯಮ್ಮ?" ಅಂದೆ. ಸುಮ್ಮನಾದಳು. ತುಂಬ ಹೊತ್ತಾದ ಮೇಲೆ ಹಾಳೆಯ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದಳು: ವೀಣೆ. ಮದುವೆಗೆ ಮೊದಲೇ ಸಂಗೀತದ ಸೀನಿಯರ್ ಪರೀಕ್ಷೆ ಪಾಸಾಗಿತ್ತಂತೆ. ಅದರ ಮೇಲಿನ ವಿದ್ವತ್ ಹಾಗೇ ಉಳಿದಿದೆ. ಒಂದು ವರ್ಷ ಕೆಲಸ ಬಿಟ್ಟು ಗುರುಗಳ ಹತ್ತಿರ ಕೂತು ಕಲಿಯಬೇಕು ಅನ್ನುವ ಆಸೆ. ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಆಸೆ ಅಂತ ಬಿಟ್ಟರೆ ಆಸೆಯಾಗಿಯೇ ಉಳಿಯುತ್ತೆ. ಲೆಕ್ಕ ಹಾಕಿದೆವು. ಮನೆ ಖರ್ಚಿಗೆ ಅವಳ ಪಾಲು ತಿಂಗಳಿಗೆ 22,000. ಒಂದು ವರ್ಷಕ್ಕೆ 2,64,000. ನಾಲ್ಕು ವರ್ಷ ಸಮಯ ಇಟ್ಟುಕೊಂಡರೆ ತಿಂಗಳಿಗೆ 5,500. ಅಷ್ಟೇ. ಅಂಕಿ ಕಂಡಾಗ ಅವಳ ಮುಖ ಬದಲಾಗಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹೀಗೆ ಬರೆದುಕೊಂಡಾಗ ಎಲ್ಲಿ ಹಾಕಬೇಕು ಅನ್ನುವ ಪ್ರಶ್ನೆ ತಾನಾಗೇ ಬಗೆಹರಿಯಿತು. ನಾಲ್ಕೇ ವರ್ಷಕ್ಕೆ ಬೇಕಾದ ಹಣ ಪಿಪಿಎಫ್ ಅನ್ನುವ ಸರ್ಕಾರಿ ಉಳಿತಾಯ ಯೋಜನೆಗೆ ಸರಿಹೋಗುವುದಿಲ್ಲ, ಅದು 15 ವರ್ಷದ್ದು. ಷೇರುಪೇಟೆಯೂ ಬೇಡ, ಬೇಕಾದ ಹೊತ್ತಿಗೇ ಬಿದ್ದಿದ್ದರೆ ಏನು ಮಾಡೋದು? ತಿಂಗಳು ತಿಂಗಳು ಕಟ್ಟುವ ಬ್ಯಾಂಕಿನ ಆರ್‌ಡಿ ಸಾಕು. ಅಮ್ಮನ ಆಪರೇಷನ್ ಯಾವಾಗ ಬರುತ್ತೋ ಹೇಳೋಕಾಗಲ್ಲ, ಆ ಹಣ ಯಾವಾಗ ಬೇಕಾದರೂ ಕೈಗೆ ಸಿಗುವ ಹಾಗೆ ಎಫ್‌ಡಿಯಲ್ಲಿ. ಮುಪ್ಪಿಗೆ ಇನ್ನೂ 22 ವರ್ಷ ಇದೆ. ಪಿಎಫ್ ಮುಟ್ಟುವುದೇ ಬೇಡ.

ಇನ್ನೊಂದು ವಿಷಯ ಅವಳಿಗೆ ಹೊಳೆದಿರಲಿಲ್ಲ. ಕಂಪನಿ ಮಾಡಿಸಿರುವ ಆರೋಗ್ಯ ವಿಮೆ ಕೆಲಸ ಬಿಟ್ಟರೆ ಮುಗಿಯಿತು. ಆಮೇಲೆ ಹೊಸದಾಗಿ ಮಾಡಿಸಿದರೆ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಅವಳಿಗೆ ಥೈರಾಯ್ಡ್ ಇದೆ. ಹಾಗಾಗಿ ವಿಮೆ ಈಗಲೇ ತನ್ನ ಹೆಸರಿನಲ್ಲೇ ಬೇಕು. ನಾಲ್ಕು ವರ್ಷ ಆದ ಮೇಲಲ್ಲ.

ಇಷ್ಟೆಲ್ಲ ಲೆಕ್ಕ ಕೂಡಿಸಿದರೆ ಸಂಬಳ ಸಾಲದು, ಅಲ್ವಾ? ಸಾಲಲಿಲ್ಲ. ನಿಜವಾದ ಕಷ್ಟ ಇರುವುದು ಇಲ್ಲೇ. ಒಂದನ್ನು ಮೇಲಿಟ್ಟರೆ ಇನ್ನೊಂದು ಕೆಳಗೆ ಇಳಿಯಲೇಬೇಕು. ಅದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಲೇಬೇಕು. ನಮಗೆ ದುಡಿಯೋಕೆ ಬರುತ್ತೆ, ಹೊಂದಿಸೋಕೆ ಬರುತ್ತೆ, ಇದೊಂದು ಮಾತು ಮಾತ್ರ ಗಂಟಲಲ್ಲೇ ಉಳಿಯುತ್ತದೆ. ಹೇಳಿದರೆ ಸ್ವಾರ್ಥಿ ಅಂದುಕೊಳ್ತಾರೇನೋ ಅನ್ನುವ ಹೆದರಿಕೆ. ನನಗೂ ಇತ್ತು.

ಅವಳು ಒಂದು ಭಾನುವಾರ ಆ ಹಾಳೆಯನ್ನು ಊಟದ ಮೇಜಿನ ಮೇಲಿಟ್ಟಳು. ಗಂಡ ಎರಡು ದಿನ ಸರಿಯಾಗಿ ಮಾತಾಡಲಿಲ್ಲವಂತೆ. ಮೂರನೇ ದಿನ ತಾನೇ ಪೆನ್ನು ತಗೊಂಡು ತಮ್ಮನ ಮದುವೆಯ ಮುಂದಿದ್ದ ಮೂರು ಲಕ್ಷ ಹೊಡೆದು ಒಂದು ಲಕ್ಷ ಮಾಡಿದನಂತೆ. "ಉಳಿದಿದ್ದು ಅವನೂ ದುಡೀತಾನೆ, ನೋಡ್ಕೊಳ್ಳಲಿ" ಅಂದನಂತೆ. ಕಾಶಿಯಾತ್ರೆ ಒಂದು ವರ್ಷ ಮುಂದಕ್ಕೆ ಹೋಯಿತು. ಅದಕ್ಕೆ ಅತ್ತೆ ಏನೂ ಅನ್ನಲಿಲ್ಲ.

ಹೋದ ತಿಂಗಳು ಅಮ್ಮನ ಮೊಣಕಾಲು ಆಪರೇಷನ್ ಆಯಿತು. ಅದಕ್ಕೆಂದೇ ಇಟ್ಟಿದ್ದ ಎಫ್‌ಡಿ ಮುರಿಸಿದಳು. ವೀಣೆಯ ಆರ್‌ಡಿಗೆ 25ನೇ ಕಂತು ಯಾವತ್ತಿನ ಹಾಗೆ ಏಳನೇ ತಾರೀಖಿಗೇ ಹೋಯಿತು.

ನಮಸ್ಕಾರ.