ಮುಳ್ಳಯ್ಯನಗಿರಿಗೆ ಯಾವ ಮ್ಯಾಪ್?

ಸ್ಕ್ರೀನ್ ಮೇಲೆ ಮೂರು ಮ್ಯಾಪ್ ಇಟ್ಟಿದ್ದೀನಿ, ನೋಡಿ. ಮೂರರಲ್ಲೂ ಇರೋದು ಒಂದೇ ಜಾಗ: ಸರ್ಪದಾರಿ ಬುಡದಿಂದ ಮುಳ್ಳಯ್ಯನಗಿರಿ ನೆತ್ತಿವರೆಗೆ. ಒಂದರಲ್ಲಿ ಹಾದಿ ಗುಡ್ಡದ ಬೆನ್ನು ಹಿಡ್ಕೊಂಡೇ ಹತ್ತುತ್ತೆ. ಇನ್ನೊಂದರಲ್ಲಿ ಹಾದಿಯೇ ಇಲ್ಲ, ಬರೀ ಹಸಿರು ಬಣ್ಣ. ಮೂರನೇದರಲ್ಲಿ ಎರಡು ಕವಲು ಜಾಸ್ತಿ ಇವೆ, ಅದರಲ್ಲೊಂದು ಕಣಿವೆಗೆ ಇಳಿದು ಅಲ್ಲೇ ಮಾಯ.

ಚಾರಣಕ್ಕೆ ಹೊರಟವರು ಎಲ್ಲರೂ ಕೇಳೋದು "ಯಾವ ಆ್ಯಪ್ ಬೆಸ್ಟ್?" ಅಂತ. ನಾನು ಹೇಳೋದು ಸ್ವಲ್ಪ ಬೇರೆ. ಮಲೆನಾಡಿನ ಗುಡ್ಡಗಳಿಗೆ ಹಾದಿ ಬರೆದಿರೋ ಮ್ಯಾಪಿಗಿಂತ ಮುಂಚೆ ಗುಡ್ಡ ಬರೆದಿರೋ ಮ್ಯಾಪ್ ಬೇಕು. ಕಾಲುದಾರಿ ಒಂದೊಂದು ಮಳೆಗಾಲಕ್ಕೂ ಪಕ್ಕಕ್ಕೆ ಸರಿಯುತ್ತೆ, ಹುಲ್ಲಲ್ಲಿ ಮುಚ್ಚಿಹೋಗುತ್ತೆ. ಗುಡ್ಡ ಅಲ್ಲೇ ಇರುತ್ತೆ. ಜೆಸಿಬಿ ಬರೋ ತನಕ ಅಂತೂ ಇರುತ್ತೆ.

ಗುಡ್ಡ ಬರೆದಿರೋ ಮ್ಯಾಪ್ ಅಂದ್ರೆ ಟೋಪೋಶೀಟ್. ಮಾಡೋರು ಸರ್ವೆ ಆಫ್ ಇಂಡಿಯಾ, 1767ರಲ್ಲಿ ಶುರುವಾದ ಇಲಾಖೆ, ಈಗ ಡೆಹ್ರಾಡೂನ್‌ನಲ್ಲಿದೆ. ನಮ್ಮ ಸೀಮೆಯ ಅಳತೆಗೂ ಹಳೇ ಕಥೆ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆ ಅಳೆಯೋಕೆ ಹೊರಟ ಕಾಲಿನ್ ಮೆಕೆಂಜಿಯೇ 1815ರಲ್ಲಿ ಇಡೀ ಇಂಡಿಯಾಕ್ಕೆ ಮೊದಲ ಸರ್ವೇಯರ್ ಜನರಲ್ ಆಗಿದ್ದು. ಅಷ್ಟು ಹಿಂದಿನಿಂದ ಅಳತೆಯಾಗ್ತಾ ಬಂದ ಸೀಮೆಯ ಮ್ಯಾಪ್ ಜನಸಾಮಾನ್ಯರ ಕೈಗೆ ಸುಲಭವಾಗಿ ಬಂದಿದ್ದು ಮಾತ್ರ ಈಚೆಗೆ. 2017ರಲ್ಲಿ ಇಲಾಖೆಯ ಆನ್‌ಲೈನ್ ತಾಣ ಶುರುವಾದ ಮೇಲೆ 1:50,000 ಅಳತೆಯ ಹಾಳೆಗಳು ಪಿಡಿಎಫ್ ಆಗಿ ಪುಕ್ಕಟೆ ಸಿಗ್ತಾ ಇವೆ.

ಹಾಳೆ ನಂಬರ್ ಹೇಳ್ತೀನಿ, ಬರ್ಕೊಳ್ಳಿ. ಹಳೇ ಲೆಕ್ಕದಲ್ಲಿ ಮುಳ್ಳಯ್ಯನಗಿರಿ ಇರೋದು 48-ಓ, 11ನೇ ಹಾಳೆಯಲ್ಲಿ. ಚಿಕ್ಕಮಗಳೂರು ಪೇಟೆ ಇರೋದು 15ರಲ್ಲಿ. ಅಂದ್ರೆ ಪೇಟೆಯಿಂದ ಗಿರಿಗೆ ಹೊರಟರೆ ಮಧ್ಯದಲ್ಲಿ ಹಾಳೆ ಬದಲಾಗುತ್ತೆ, ಎರಡೂ ಬೇಕು. ಕುದುರೆಮುಖದ ಶಿಖರಕ್ಕೆ ಅದೇ 48-ಓ, 8ನೇ ಹಾಳೆ. ಸಕಲೇಶಪುರ, ಬಿಸಿಲೆ ಕಡೆ ಹೋಗೋರು ಕೆಳಗಿನ 48-ಪಿ ನೋಡಬೇಕು. ಹೊಸ ಹಾಳೆಗಳಿಗೆ ಡಿ-43 ಅಂತ ಶುರುವಾಗೋ ಬೇರೆ ನಂಬರ್ ಇದೆ, ತಬ್ಬಿಬ್ಬಾಗಬೇಡಿ.

ಈಗ ಕ್ಯಾಮೆರಾ ಹತ್ತಿರ ತರ್ತೀನಿ. ಈ ಕಂದು ಗೆರೆಗಳು, ಶಾಲೆಯಲ್ಲಿ ಸಮೋನ್ನತಿ ರೇಖೆ ಅಂತ ಓದಿದ್ವಲ್ಲ, ಅವೇ. ಒಂದು ಗೆರೆಯಿಂದ ಇನ್ನೊಂದಕ್ಕೆ 20 ಮೀಟರ್ ಎತ್ತರ. ಐದಕ್ಕೊಂದು ಗೆರೆ ದಪ್ಪ, ಅಂದ್ರೆ ದಪ್ಪದಿಂದ ದಪ್ಪಕ್ಕೆ 100 ಮೀಟರ್. ಹಾಳೆ ಮೇಲೆ ಒಂದು ಸೆಂಟಿಮೀಟರ್ ಅಂದ್ರೆ ನೆಲದ ಮೇಲೆ 500 ಮೀಟರ್. ಒಂದು ಸೆಂಟಿಮೀಟರ್‌ನಲ್ಲಿ ಐದು ಗೆರೆ ಬಂದ್ರೆ ಮಾತಾಡ್ಕೊಂಡು ಹತ್ತಬಹುದು. ಹತ್ತು ಬಂದ್ರೆ ಮಾತು ನಿಲ್ಲುತ್ತೆ. ಇಲ್ಲಿ ಗೆರೆಗಳು ಹೇಗೆ ಒಂದಕ್ಕೊಂದು ಅಂಟ್ಕೊಂಡಿವೆ ನೋಡಿ, ಈ ಮಗ್ಗುಲಲ್ಲಿ ಯಾವ ಆ್ಯಪ್ ಎಂಥ ಹಾದಿ ತೋರಿಸಿದ್ರೂ ನಾನು ಕಾಲಿಡಲ್ಲ.

ಇನ್ನೊಂದು, ಗೆರೆಗಳು ಇಂಗ್ಲಿಷ್ 'ವಿ' ಥರ ಮುರೀತಾವಲ್ಲ, ಅದರ ಚೂಪು ಎತ್ತರದ ಕಡೆ ತಿರುಗಿದ್ರೆ ಅದು ಹಳ್ಳ. ಕೆಳಗಡೆ ತಿರುಗಿದ್ರೆ ಗುಡ್ಡದ ಬೆನ್ನು. ಮುಳ್ಳಯ್ಯನಗಿರಿ ಇರೋ ಈ ಚಂದ್ರದ್ರೋಣ ಬೆಟ್ಟಸಾಲಿನಲ್ಲಿ ಹಳ್ಳ ಅಂದ್ರೆ ಕಣಿವೆಯ ದಟ್ಟ ಶೋಲಾ ಕಾಡು, ಒರತೆ, ಇಂಬಳ ಅನ್ನೋ ಜಿಗಣೆ, ಜೊತೆಗೆ ಕಾಟಿ, ಅಂದ್ರೆ ಕಾಡುಕೋಣ. ಬೆನ್ನು ಅಂದ್ರೆ ಹುಲ್ಲು, ಗಾಳಿ, ದೂರದ ನೋಟ. ಮಂಜು ಕವಿದಾಗ ಬೆನ್ನಿನ ಮೇಲಿದ್ದೀವಾ, ಹಳ್ಳಕ್ಕೆ ಇಳೀತಾ ಇದ್ದೀವಾ ಅನ್ನೋದು ಗೊತ್ತಾದ್ರೆ ಅರ್ಧ ದಾರಿ ಗೊತ್ತಾದ ಹಾಗೆ.

ಆದ್ರೆ 20 ಮೀಟರ್ ಅಂತರಕ್ಕೂ ಒಂದು ಮೋಸ ಇದೆ. ಹದಿನೈದು ಮೀಟರಿನ ಕಡಿದಾದ ಬಂಡೆ ಎರಡು ಗೆರೆಗಳ ಮಧ್ಯೆ ಪೂರ್ತಿ ಅಡಗಿ ಕೂತಿರಬಹುದು. ಮ್ಯಾಪಿನಲ್ಲಿ ಅದರ ಸುಳಿವೇ ಇರಲ್ಲ. ನಾಲ್ಕು ಮಹಡಿ ಎತ್ತರ ಸ್ವಾಮಿ, ಸಣ್ಣದಲ್ಲ.

ಪ್ರಿಂಟ್ ಹಾಕಿಸೋವಾಗ ಜೆರಾಕ್ಸ್ ಅಂಗಡಿಯವರು ಅಭ್ಯಾಸಬಲದಿಂದ 'ಫಿಟ್ ಟು ಪೇಜ್' ಒತ್ತಿಬಿಡ್ತಾರೆ. ಮ್ಯಾಪ್ ಕುಗ್ಗಿಹೋಗುತ್ತೆ, ಸೆಂಟಿಮೀಟರ್ ಲೆಕ್ಕ ಕೆಡುತ್ತೆ. ಅಲ್ಲೇ ಸ್ಕೇಲ್ ಇಟ್ಟು ಕೆಳಗಿನ ಅಳತೆಪಟ್ಟಿ ಚೆಕ್ ಮಾಡಿ: ಒಂದು ಕಿಲೋಮೀಟರ್ ಅಂದ್ರೆ ಎರಡು ಸೆಂಟಿಮೀಟರ್ ಇರಲೇಬೇಕು. ಯಾರೋ ಕೊಟ್ಟ ತುಂಬಾ ಹಳೇ ಟೋಪೋಶೀಟ್ ಇದ್ರೆ ಇನ್ನೊಂದು ಎಚ್ಚರಿಕೆ. ಅವು ಎವರೆಸ್ಟ್ ಅನ್ನೋ ಬೇರೆ ಆಧಾರದ ಮೇಲೆ ಬರೆದವು, ಫೋನಿನ ಜಿಪಿಎಸ್ ಲೆಕ್ಕ ಬೇರೆ. ಅಕ್ಷಾಂಶ ರೇಖಾಂಶ ನೋಡ್ಕೊಂಡು ನೀವಿರೋ ಜಾಗ ಗುರುತು ಹಾಕಿದ್ರೆ ನಮ್ಮ ಜಿಲ್ಲೆಯಲ್ಲಿ ನೂರು ಮೀಟರಿಗೂ ಹೆಚ್ಚು ಆಚೀಚೆ ಆಗುತ್ತೆ.

ಸರಿ, ಫೋನಿಗೆ ಬರೋಣ. ಓಸ್‌ಮ್ಯಾಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಎರಡರ ಬುಡದಲ್ಲೂ ಇರೋದು ಓಪನ್‌ಸ್ಟ್ರೀಟ್‌ಮ್ಯಾಪ್, ಅಂದ್ರೆ ನಮ್ಮ ನಿಮ್ಮಂಥವರೇ ತಿದ್ದಿ ಬೆಳೆಸಿದ ಮ್ಯಾಪ್. ಪೇಟೆ ಬಿಡೋ ಮುಂಚೆ ಡೌನ್‌ಲೋಡ್ ಮಾಡ್ಕೊಳ್ಳಿ. ಮೇಲೆ ಹೋದ್ಮೇಲೆ ಏರೋಪ್ಲೇನ್ ಮೋಡ್ ಹಾಕಿದ್ರೂ ಜಿಪಿಎಸ್ ಕೆಲಸ ಮಾಡುತ್ತೆ. ಬ್ಯಾಟರಿ ತಿನ್ನೋದು ಸಿಗ್ನಲ್ ಹುಡುಕಾಟ. ಮಳೆಯಲ್ಲಿ ಒದ್ದೆ ಸ್ಕ್ರೀನ್ ಬೆರಳಿಗೆ ಸ್ಪಂದಿಸಲ್ಲ, ಅದಕ್ಕೇ ಪ್ಲಾಸ್ಟಿಕ್ ಕವರಿನಲ್ಲಿ ಆ ಪ್ರಿಂಟ್ ಹಾಳೆ.

ಆ್ಯಪ್‌ಗಳಲ್ಲೂ ಎತ್ತರದ ಗೆರೆ ಬರುತ್ತೆ. ಅವು ಬಹುಪಾಲು ಬಂದಿರೋದು 2000ನೇ ಇಸವಿ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್ ಹಿಡಿದು ಭೂಮಿಯನ್ನ ಅಳೆದ ಮಾಹಿತಿಯಿಂದ. ಆ ರೇಡಾರ್ ದಟ್ಟ ಕಾಡಿನ ಮೇಲೆ ಬಿದ್ದಾಗ ನೆಲದವರೆಗೂ ಪೂರ್ತಿ ಇಳಿಯಲ್ಲ, ಎಲೆಗಳಿಂದಲೇ ಎಷ್ಟೋ ವಾಪಸ್ ಬರುತ್ತೆ. ಹುಲ್ಲುಗಾವಲಿನಲ್ಲಿ ಗೆರೆ ಚೆನ್ನಾಗಿರುತ್ತೆ, ಶೋಲಾದ ಒಳಗೆ ಮರದ ತಲೆಯನ್ನೇ ನೆಲ ಅಂದ್ಕೊಂಡು ಹಳ್ಳದ ಆಳವನ್ನ ಕಮ್ಮಿ ತೋರಿಸುತ್ತೆ.

ಇನ್ನು ಜಿಪಿಎಕ್ಸ್ ಫೈಲ್, ಅಂದ್ರೆ ಯಾರೋ ನಡೆದ ಹಾದಿಯ ಜಿಪಿಎಸ್ ದಾಖಲೆ. ವಿಕಿಲಾಕ್, ಆಲ್‌ಟ್ರೇಲ್ಸ್‌ನಲ್ಲಿ ಚಿಕ್ಕಮಗಳೂರು ಅಂತ ಹೊಡೆದ್ರೆ ಸಾಲುಸಾಲು ಬರ್ತವೆ. ನಾನು ಮೊದಲು ನೋಡೋದು ತಿಂಗಳು. ಜನವರಿಯಲ್ಲಿ ರೆಕಾರ್ಡ್ ಮಾಡಿದ ಹಾದಿ ಅಕ್ಟೋಬರ್‌ನಲ್ಲಿ ಸೊಂಟದೆತ್ತರ ಹುಲ್ಲೊಳಗೆ ಹೂತಿರುತ್ತೆ. ಆಮೇಲೆ ಗೆರೆಯ ನಡಿಗೆ ನೋಡ್ತೀನಿ. ಮನುಷ್ಯ ನಡೆದ ಗೆರೆ ಚೂರು ಅಂಕುಡೊಂಕು ಇರುತ್ತೆ. ಸ್ಕೇಲ್ ಇಟ್ಟು ಎಳೆದ ಹಾಗೆ ಕಣಿವೆ ದಾಟಿದ್ರೆ ಅಲ್ಲಿ ಜಿಪಿಎಸ್ ಸತ್ತಿತ್ತು ಅಂತ ಅರ್ಥ. ವೇಗ ಗಂಟೆಗೆ ಇಪ್ಪತ್ತು ಕಿಲೋಮೀಟರ್ ದಾಟಿದ್ರೆ ಆಸಾಮಿ ಜೀಪಲ್ಲಿ ಕೂತಿದ್ದ!

ಫೈಲ್ ಇದೆ ಅಂದ ಮಾತ್ರಕ್ಕೆ ಹೋಗೋಕೆ ಅನುಮತಿ ಇದೆ ಅಂತಲ್ಲ. ಸಕಲೇಶಪುರದ ದೋಣಿಗಲ್‌ನಿಂದ ಎಡಕುಮೇರಿಗೆ ರೈಲು ಹಳಿ ಮೇಲೆ ನಡೆದ ಹಳೇ ದಾಖಲೆಗಳು ಇವತ್ತಿಗೂ ಸಿಗ್ತವೆ. ಅಲ್ಲಿ ರೈಲು ಓಡ್ತಾ ಇದೆ, ಹಳಿ ಮೇಲೆ ನಡೆಯೋದು ನಿಷೇಧ. ಕುದುರೆಮುಖದಂಥ ಕಡೆ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಬುಕ್ ಆಗಿರಬೇಕು, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಹಾದಿ ಮುಚ್ತಾರೆ.

ಸ್ಯಾಟಲೈಟ್ ಚಿತ್ರ ನನಗೆ ಇಷ್ಟ, ಆದ್ರೆ ಅದು ಕಣ್ಣಿಗೆ ಮಣ್ಣೆರಚುತ್ತೆ. ಈ ಗುಡ್ಡದ ಬೆನ್ನ ಮೇಲೆ ಅಗಲವಾದ, ಚೊಕ್ಕ ಪಟ್ಟಿ ಕಾಣ್ತಿದೆಯಲ್ಲ? ನೋಡಿದ ಕೂಡ್ಲೇ ರಾಜಮಾರ್ಗ ಅನ್ಸುತ್ತೆ. ಅದು ಬೆಂಕಿ ರೇಖೆ. ಬೇಸಿಗೆಗೆ ಮುಂಚೆ ಕಿಚ್ಚು ಹಬ್ಬದಿರಲಿ ಅಂತ ಇಲಾಖೆಯವರು ಹುಲ್ಲು ಸವರಿ ಸುಡೋ ಪಟ್ಟಿ. ನಡಿಗೆಗೆ ಅಂತ ಮಾಡಿದ್ದಲ್ಲ, ಎಷ್ಟು ಕಡಿದಾದ್ರೂ ನೇರ ಇಳಿಯುತ್ತೆ. ಮಗ್ಗುಲಲ್ಲಿ ಒಂದರ ಕೆಳಗೊಂದು ಮೆಟ್ಟಿಲಿನ ಹಾಗೆ ಕಾಣೋ ಸಣ್ಣ ಗೆರೆಗಳು ದನದ ಹಾದಿ. ಮಟ್ಟಸವಾಗಿ ಹೋಗ್ತಾ ಇರ್ತವೆ, ಎಲ್ಲಿಗೂ ಮುಟ್ಟಲ್ಲ.

ಗಿರಿಯ ಬುಡದಲ್ಲಿ ಪೂರ್ತಿ ಕಾಫಿ ತೋಟ. ಮ್ಯಾಪಿನ ಚುಕ್ಕಿ ಹಾದಿ ಯಾರದೋ ಗೇಟು ದಾಟಿ, ಒಣಗ್ತಾ ಇರೋ ಕಾಫಿ ಕಣದ ಪಕ್ಕದಲ್ಲೇ ಹೋಗಿರುತ್ತೆ. ಇದಕ್ಕೆ ನಮ್ಮ ರಾಜ್ಯದ್ದೇ ಆ್ಯಪ್ ಇದೆ, ದಿಶಾಂಕ್. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತೆ. ಜಮೀನು ವ್ಯವಹಾರದವರಿಗೆ ಚೆನ್ನಾಗಿ ಗೊತ್ತು, ಚಾರಣದವರು ಯಾಕೋ ಮುಟ್ಟಲ್ಲ. ನಾನು ಮನೆಯಲ್ಲೇ ಕೂತು ಹಾದಿಯುದ್ದಕ್ಕೂ ಬೆರಳಾಡಿಸಿ ನೋಡಿಡ್ತೀನಿ. ತೋಟದ ಹಿಡುವಳಿ ಅಂತ ಕಂಡ್ರೆ ಗೇಟಲ್ಲಿ ರೈಟರನ್ನ, ಅಂದ್ರೆ ತೋಟದ ಮೇಲ್ವಿಚಾರಕರನ್ನ, ಕೇಳೇ ಒಳಗೆ ಹೋಗೋದು.

ಆ ರೈಟರನ್ನ, ಫಾರೆಸ್ಟ್ ಗಾರ್ಡನ್ನ "ದಾರಿ ಯಾವುದು?" ಅಂತ ಕೇಳಬೇಡಿ. ಅವರಿಗೆ ಎಲ್ಲವೂ ದಾರಿಯೇ. "ಸ್ವಲ್ಪ ಮುಂದೆ" ಅಂತಾರೆ, ಆ ಸ್ವಲ್ಪ ಒಂದೂವರೆ ಗಂಟೆ. ಮ್ಯಾಪ್ ತೋರಿಸೋಕೂ ಹೋಗಬೇಡಿ. "ಆ ಹಳ್ಳದಲ್ಲಿ ಈಗ ನೀರಿದ್ಯಾ? ಈ ವಾರ ಕಾಟಿ ಯಾವ ಕಡೆ ಮೇಯ್ತಾ ಇತ್ತು? ಮೊನ್ನೆ ಮಳೆಗೆ ಎಲ್ಲಾದ್ರೂ ಜರಿದಿದ್ಯಾ?" ಹೀಗೆ ಕೇಳಿ. ಟೋಪೋಶೀಟಲ್ಲಾಗಲಿ ಆ್ಯಪಲ್ಲಾಗಲಿ ಇಲ್ಲದೇ ಇರೋ ಮಾಹಿತಿ ಇದು, ನಾನು ಪೆನ್ಸಿಲ್ಲಲ್ಲಿ ಪ್ರಿಂಟ್ ಹಾಳೆ ಮೇಲೇ ಬರ್ಕೊಳ್ತೀನಿ.

ಸಮಯದ ಲೆಕ್ಕಕ್ಕೆ 1892ರ ನೇಸ್ಮಿತ್ ಸೂತ್ರ ಸಾಕು: ಐದು ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಮತ್ತೊಂದು ಗಂಟೆ. ಅದು ಸ್ಕಾಟ್ಲೆಂಡಿನ ಗುಡ್ಡ ಹತ್ತೋ ಗಟ್ಟಿ ಕಾಲುಗಳ ಲೆಕ್ಕ. ಇಂಬಳ ಕೀಳೋಕೆ, ಫೋಟೋಗೆ, ಚಿತ್ರಾನ್ನಕ್ಕೆ ನೀವೇ ಸೇರಿಸ್ಕೊಳ್ಳಿ.

ಇವತ್ತಿನ ನಡಿಗೆ ನಾನೂ ರೆಕಾರ್ಡ್ ಮಾಡಿದ್ದೀನಿ. ಸರ್ಪದಾರಿಯಿಂದ ನೆತ್ತಿವರೆಗಿನ ಭಾಗ ಕೆಳಗೆ ಕೊಟ್ಟಿದ್ದೀನಿ, ಫೈಲಿನ ಹೆಸರಲ್ಲೇ ತಿಂಗಳು, ಇಸವಿ ಎರಡೂ ಇದೆ. ಶೋಲಾದೊಳಗಿನ ಒರತೆಗೆ ಇಳಿದ ತುಂಡನ್ನ ಬೇಕಂತಲೇ ಕತ್ತರಿಸಿದ್ದೀನಿ. ಕಡವೆ, ಕಾಟಿ ನೀರಿಗೆ ಬರೋ ಜಾಗ ಅದು, ಒಂದು ಸಲ ಆ್ಯಪಿನಲ್ಲಿ ಗೆರೆ ಬಿತ್ತು ಅಂದ್ರೆ ಮುಂದಿನ ರಜೆಗೆ ಅಲ್ಲಿ ಚಿಪ್ಸ್ ಪ್ಯಾಕೆಟ್ ಬಿದ್ದಿರುತ್ತೆ. ಯಾರಾದ್ರೂ ಕೇಳಿದ್ರೂ ಕೊಡಲ್ಲ, ಬೇಜಾರು ಮಾಡ್ಕೋಬೇಡಿ. ನೀರು ಬುಡದಿಂದಲೇ ಎರಡು ಲೀಟರ್ ಹೊತ್ಕೊಂಡು ಹೋಗಿ.