ಸಾಗರದ ಮತ: ಪಕ್ಷದ ಬಾವುಟಕ್ಕಿಂತ ಹಳೆಯದಾದ ಭೂಮಿಯ ಲೆಕ್ಕ

(ದೃಶ್ಯ: ಸಾಗರದ ಪೇಟೆ ಬೀದಿ. ಬಳಿಕ ತೆರೆಯ ಮೇಲೆ ಐದು ಇಸವಿಗಳು ಒಂದೊಂದಾಗಿ ಮೂಡುತ್ತವೆ.)

ನಿರೂಪಣೆ: ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಸಾಗರ ವಿಧಾನಸಭಾ ಕ್ಷೇತ್ರವು 2004 ಮತ್ತು 2008ರಲ್ಲಿ ಬಿಜೆಪಿಯನ್ನು, 2013ರಲ್ಲಿ ಕಾಂಗ್ರೆಸ್ಸನ್ನು, 2018ರಲ್ಲಿ ಪುನಃ ಬಿಜೆಪಿಯನ್ನು, 2023ರಲ್ಲಿ ಪುನಃ ಕಾಂಗ್ರೆಸ್ಸನ್ನು ಗೆಲ್ಲಿಸಿತು. ಇಷ್ಟನ್ನೇ ನೋಡಿದವರು ಇಲ್ಲಿನ ಮತದಾರರಿಗೆ ಸ್ಥಿರವಾದ ಒಲವಿಲ್ಲವೆಂದು ತೀರ್ಮಾನಿಸಬಹುದು. ಆದರೆ 2004, 2008 ಮತ್ತು 2023ರಲ್ಲಿ ಗೆದ್ದವರು ಒಬ್ಬರೇ: ಬೇಳೂರು ಗೋಪಾಲಕೃಷ್ಣ. 2013ರಲ್ಲಿ ಗೆದ್ದ ಕಾಗೋಡು ತಿಮ್ಮಪ್ಪನವರು ಅವರ ಸೋದರಮಾವ. ಆದ್ದರಿಂದ ಪಕ್ಷದ ಹೆಸರನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಇಲ್ಲಿ ಮತವೆಂಬುದು ಯಾವುದಕ್ಕಾಗಿ ಬೀಳಲಾರಂಭಿಸಿತು ಎಂಬಲ್ಲಿಂದ ತೊಡಗೋಣ.

(ದೃಶ್ಯ: ಭತ್ತದ ಗದ್ದೆ. ಕೊಳಗದಲ್ಲಿ ಭತ್ತ ಅಳೆಯುವ ಕೈಗಳು.)

ನಿರೂಪಣೆ: ಕಾಗೋಡು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿನ ಗೇಣಿದಾರರಲ್ಲಿ ಹೆಚ್ಚಿನವರು ಮಲೆನಾಡಿನ ರೈತ ಸಮುದಾಯವಾದ ದೀವರು. ಗೇಣಿಯ ಭತ್ತವನ್ನು ಒಡೆಯರು ರೂಢಿಗಿಂತ ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಿದ್ದರೆಂಬುದು ಅವರ ದೂರಾಗಿತ್ತು. ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಸಂಘಟಿತರಾದ ರೈತರು 1951ರ ಏಪ್ರಿಲ್‌ನಲ್ಲಿ, ತಮ್ಮಿಂದ ಕಿತ್ತುಕೊಂಡಿದ್ದ ಗದ್ದೆಗಳಿಗೆ ನೇಗಿಲು ಹೊತ್ತು ಇಳಿದು ಬಂಧನಕ್ಕೊಳಗಾದರು. ಜೂನ್‌ನಲ್ಲಿ ಬೆಂಬಲ ನೀಡಲು ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರನ್ನು ಸಾಗರದ ರೈಲು ನಿಲ್ದಾಣದಲ್ಲಿಯೇ ಬಂಧಿಸಲಾಯಿತು. ಮರುವರ್ಷ, 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ, ದೇಶದ ಬಹುಭಾಗ ಕಾಂಗ್ರೆಸ್ಸಿನ ಕೈ ಹಿಡಿದಿದ್ದಾಗ, ಸಾಗರ–ಹೊಸನಗರ ಕ್ಷೇತ್ರವು ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರನ್ನು ಆರಿಸಿತು. ಕೊಳಗದ ತಕರಾರು ಒಂದೇ ವರ್ಷದಲ್ಲಿ ಮತವಾಗಿ ಮಾರ್ಪಟ್ಟ ಈ ಘಟನೆಯನ್ನು ಬಿಟ್ಟು ಸಾಗರದ ರಾಜಕಾರಣವನ್ನು ವಿವರಿಸಲಾಗದೆಂಬುದು ನನ್ನ ದೃಢವಾದ ಅಭಿಪ್ರಾಯ.

1972ರಲ್ಲಿ ಇದೇ ಸಮಾಜವಾದಿ ಧಾರೆಯಿಂದ ಕಾಗೋಡು ತಿಮ್ಮಪ್ಪನವರು ಶಾಸಕರಾದರು. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ, ಭೂನ್ಯಾಯಮಂಡಳಿಯ ಮುಂದೆ ಹಕ್ಕು ಸಾಧಿಸಿಕೊಳ್ಳುವ ದಾರಿ ತೆರೆಯಿತು. ಸಮಾಜವಾದಿಗಳ ಬೇಡಿಕೆಯನ್ನು ಕಾಂಗ್ರೆಸ್ ಸರ್ಕಾರವೊಂದು ಕಾನೂನಾಗಿಸಿದ ಮೇಲೆ, ತಿಮ್ಮಪ್ಪನವರೂ ಮುಂದೆ ಕಾಂಗ್ರೆಸ್ಸಿಗೆ ಹೋದರು. ಅವರೊಂದಿಗೆ ಅವರನ್ನು ನಂಬಿದ್ದವರ ಮತಗಳೂ ಹೋದವು.

ನೆರೆಯ ಸೊರಬದಲ್ಲಿ ಇದೇ ಸಂಗತಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ 2013ರಲ್ಲಿ ಜೆಡಿಎಸ್‌ನಿಂದ ಮಧು ಬಂಗಾರಪ್ಪ, 2018ರಲ್ಲಿ ಬಿಜೆಪಿಯಿಂದ ಕುಮಾರ್ ಬಂಗಾರಪ್ಪ, 2023ರಲ್ಲಿ ಕಾಂಗ್ರೆಸ್ಸಿನಿಂದ ಪುನಃ ಮಧು ಬಂಗಾರಪ್ಪ ಗೆದ್ದರು. ಇಬ್ಬರೂ ಮಾಜಿ ಮುಖ್ಯಮಂತ್ರಿ ಎಸ್. ಬಂಗಾರಪ್ಪನವರ ಮಕ್ಕಳು; ಪಕ್ಷಗಳು ಮೂರಾದರೂ ಮನೆ ಒಂದೇ.

(ದೃಶ್ಯ: ಮತಗಟ್ಟೆಯ ಮುಂದಿನ ಸಾಲು.)

ನಿರೂಪಣೆ: ಹಾಗೆಂದು ವ್ಯಕ್ತಿಯ ಮೇಲಿನ ಅಭಿಮಾನಕ್ಕೆ ಮಿತಿಯೇ ಇಲ್ಲವೆಂದಲ್ಲ. ಕಂದಾಯ ಸಚಿವರಾಗಿದ್ದಾಗ ತಿಮ್ಮಪ್ಪನವರು, ದಾಖಲೆಯಿಲ್ಲದ ಜನವಸತಿಗಳಲ್ಲಿ ‘ವಾಸಿಸುವವನೇ ಮನೆಯೊಡೆಯ’ ಎಂಬ ತಿದ್ದುಪಡಿಗಾಗಿ ಶ್ರಮಿಸಿದರು. ಆದರೂ 2018ರಲ್ಲಿ ಅವರು ಸೊರಬದಿಂದ ಬಂದಿದ್ದ ಬಿಜೆಪಿಯ ಹರತಾಳು ಹಾಲಪ್ಪನವರ ಎದುರು ಸೋತರು. ಬಿಜೆಪಿ ಟಿಕೆಟ್ ತಪ್ಪಿದ ಬೇಳೂರು ಅವರು ಕಾಂಗ್ರೆಸ್ಸಿಗೆ ಬಂದು ಮಾವನ ಪರ ನಿಂತಿದ್ದರೂ ಫಲಿತಾಂಶ ಬದಲಾಗಲಿಲ್ಲ. ಲೋಕಸಭೆಗೆ ಮತ ಹಾಕುವಾಗಿನ ಲೆಕ್ಕವೂ ಬೇರೆ. 2023ರಲ್ಲಿ ಸಾಗರ ಮತ್ತು ಸೊರಬ ಎರಡೂ ಕಾಂಗ್ರೆಸ್ಸಿಗೆ ಒಲಿದಿದ್ದವು. 2024ರಲ್ಲಿ ಶಿವಮೊಗ್ಗ ಲೋಕಸಭಾ ಕ್ಷೇತ್ರದಲ್ಲಿ ಬಂಗಾರಪ್ಪನವರ ಮಗಳು ಗೀತಾ ಶಿವರಾಜ್‌ಕುಮಾರ್ ಕಾಂಗ್ರೆಸ್ಸಿನಿಂದ ನಿಂತರೂ ಬಿಜೆಪಿಯ ಬಿ.ವೈ. ರಾಘವೇಂದ್ರ ಗೆದ್ದರು.

ದೀವರು ಇಂಥವರಿಗೆ, ಹವ್ಯಕರು ಅಂಥವರಿಗೆ, ಲಿಂಗಾಯತರು ಮತ್ತೊಬ್ಬರಿಗೆ ಎಂದು ಟಿವಿಯಲ್ಲಿ ನಿಶ್ಚಿತವಾಗಿ ಹೇಳುವುದನ್ನು ನಾವು ಕೇಳುತ್ತೇವೆ. ಅದನ್ನು ಎಚ್ಚರದಿಂದ ಸ್ವೀಕರಿಸಬೇಕು. ಚುನಾವಣಾ ಆಯೋಗದ ನಮೂನೆ 20ರಲ್ಲಿ ಮತಗಟ್ಟೆವಾರು ಮತಗಳ ಲೆಕ್ಕ ಸಿಗುತ್ತದೆಯೇ ಹೊರತು, ಯಾವ ಮನೆಯ, ಯಾವ ಜಾತಿಯ ಮತ ಯಾರಿಗೆ ಬಿತ್ತೆಂಬುದು ಅದರಲ್ಲಿ ಇರುವುದಿಲ್ಲ. ಇದಲ್ಲದೆ, ಸಾಗರದಲ್ಲಿ 2018 ಮತ್ತು 2023ರಲ್ಲಿ ಸೆಣಸಿದ ಇಬ್ಬರು ಪ್ರಮುಖ ಅಭ್ಯರ್ಥಿಗಳೂ ಒಂದೇ ಸಮುದಾಯದವರಾಗಿದ್ದರಿಂದ, ಜಾತಿಯೊಂದರಿಂದಲೇ ಸೋಲು–ಗೆಲುವನ್ನು ವಿವರಿಸಲು ಬರುವುದಿಲ್ಲ.

(ದೃಶ್ಯ: ಶರಾವತಿ ಹಿನ್ನೀರು, ಸಿಗಂದೂರು ಸೇತುವೆ.)

ನಿರೂಪಣೆ: ಭೂಮಿಯ ಲೆಕ್ಕ ಇನ್ನೂ ಮುಗಿದಿಲ್ಲ. ಜಲವಿದ್ಯುತ್ತಿಗಾಗಿ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಾಗ ಮುಳುಗಡೆಯಿಂದ ಊರು ಬಿಟ್ಟ ಕುಟುಂಬಗಳಲ್ಲಿ ಅನೇಕರು, ನಾಡಿಗೆ ಬೆಳಕು ಕೊಟ್ಟು ಆರು ದಶಕಗಳಾದರೂ, ತಾವು ಉಳುತ್ತಿರುವ ನೆಲದ ಹಕ್ಕುಪತ್ರಕ್ಕಾಗಿ ಕಾಯುತ್ತಿದ್ದಾರೆ. ಹಿನ್ನೀರಿನಾಚೆಯ ಕರೂರು ಮತ್ತು ಬಾರಂಗಿ ಹೋಬಳಿಗಳ ಜನರಿಗೆ ಲಾಂಚ್‌ನ ಬದಲು ಸೇತುವೆ ದೊರೆತದ್ದು 2025ರ ಜುಲೈನಲ್ಲಿ. ಆ ಎರಡು ಹೋಬಳಿಗಳ ಮತಗಟ್ಟೆಗಳ 2018 ಮತ್ತು 2023ರ ನಮೂನೆ 20ನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಮುಂದಿನ ಚುನಾವಣೆಯ ಅಂಕಿಗಳು ಬಂದಾಗ, ಸೇತುವೆಗೆ ಸಿಕ್ಕ ಮತವೆಷ್ಟು, ಹಕ್ಕುಪತ್ರಕ್ಕಾಗಿ ತಡೆಹಿಡಿದ ಮತವೆಷ್ಟು ಎಂಬುದನ್ನು ಮೊದಲು ಹುಡುಕಬೇಕಾದ ಜಾಗ ಅದೇ.