ಮಕ್ಕಳ ಬಿಪಿ: ಮೊದಲು ಪಟ್ಟಿ ನೋಡಿ

ನಮಸ್ಕಾರ. ನನಗಿರುವುದು ಮೂರೇ ನಿಮಿಷ, ಹೇಳುವುದೂ ಒಂದೇ ಮಾತು. ಮಗುವಿನ ಬಿಪಿ ನೋಡುವ ಮುಂಚೆ ಪಟ್ಟಿ ನೋಡಿ.

ರೆಟ್ಟೆಗೆ ಸುತ್ತಿ ಗಾಳಿ ತುಂಬುತ್ತಾರಲ್ಲ, ಅದೇ ಪಟ್ಟಿ. ನಾವು ಡಾಕ್ಟರುಗಳು ಕಫ್ ಅನ್ನುತ್ತೇವೆ. ಅದರೊಳಗೊಂದು ರಬ್ಬರ್ ಚೀಲ ಇರುತ್ತದೆ. ಮಗುವಿನ ರೆಟ್ಟೆಯ ಸುತ್ತಳತೆ 20 ಸೆಂಟಿಮೀಟರ್ ಅಂದುಕೊಳ್ಳಿ. ಚೀಲದ ಅಗಲ ಕನಿಷ್ಠ 8 ಇರಬೇಕು, ಉದ್ದ 16ರಿಂದ 20. ಪಟ್ಟಿ ಚಿಕ್ಕದಾದರೆ ಇಲ್ಲದ ಬಿಪಿ ಹುಟ್ಟಿಕೊಳ್ಳುತ್ತದೆ. ದೊಡ್ಡದಾದರೆ ಇರುವ ಬಿಪಿ ಅಡಗಿಬಿಡುತ್ತದೆ.

ಒಮ್ಮೆ ಹತ್ತು ವರ್ಷದ ಹುಡುಗನೊಬ್ಬ ಬಂದ. ಮೈಕೈ ತುಂಬಿಕೊಂಡ ಹುಡುಗ. ತಾಯಿಯ ಕೈಯಲ್ಲಿ ಮುದುಡಿದ ಚೀಟಿ: 138/88. ರಾತ್ರಿಯೆಲ್ಲ ಅತ್ತಿದ್ದರೋ ಏನೋ, ಕಣ್ಣು ಊದಿತ್ತು. "ಡಾಕ್ಟ್ರೇ, ಈ ವಯಸ್ಸಿಗೇ ಬಿಪಿನಾ? ಜೀವನಪೂರ್ತಿ ಮಾತ್ರೆ ನುಂಗ್ಬೇಕಾ?" ಅವರಿಗೆ ಉತ್ತರ ಕೊಡದೆ ನಾನು ಹುಡುಗನನ್ನು ಕೇಳಿದೆ, "ಹೇಗೆ ನೋಡಿದ್ರೋ ನಿಂಗೆ?" ಅವನೆಂದ, "ಪಟ್ಟಿ ಪರ್ ಅಂತ ಬಿಚ್ಕೊಳ್ತಾನೇ ಇತ್ತು, ಆಂಟಿ ಕೈಲಿ ಒತ್ತಿ ಹಿಡ್ಕೊಂಡಿದ್ರು."

ನನಗೆ ಅಷ್ಟು ಸಾಕಾಯಿತು. ಪಟ್ಟಿಯ ಮೇಲೆ 'ಮಕ್ಕಳಿಗೆ' ಅಂತ ಬರೆದಿತ್ತಂತೆ. ಹತ್ತು ವರ್ಷದವನು, ಅದಕ್ಕೆ ಮಕ್ಕಳ ಪಟ್ಟಿ! ಪಟ್ಟಿಗೆ ವಯಸ್ಸು ಯಾಕೆ ಬೇಕು ಹೇಳಿ? ಅದಕ್ಕೆ ಬೇಕಾದ್ದು ರೆಟ್ಟೆಯ ಅಳತೆ. ಟೇಪ್ ಹಿಡಿದೆ, 27 ಸೆಂಟಿಮೀಟರ್. ದೊಡ್ಡವರ ಪಟ್ಟಿಯನ್ನೇ ತೆಗೆದುಕೊಂಡೆ. ಬೆನ್ನು ಕುರ್ಚಿಗೆ ಆನಿಸಿ, ಪಾದ ನೆಲಕ್ಕೆ ಊರಿಸಿ, ಐದು ನಿಮಿಷ ಸುಮ್ಮನೆ ಕೂರಿಸಿದೆ. ಹುಡುಗ ಕೂತ, ತಾಯಿಯ ಮಾತು ನಿಲ್ಲಿಸುವುದೇ ಕಷ್ಟವಾಯಿತು. ಬಂದದ್ದು 108/66. ಇನ್ನೆರಡು ಸಲ ನೋಡಿದೆ, ಹೆಚ್ಚುಕಡಿಮೆ ಅಷ್ಟೇ.

ಕಥೆಯಲ್ಲೇ ಸಮಯ ಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ. ಬಲಗೈಯಲ್ಲೇ ನೋಡಬೇಕು, ರೆಟ್ಟೆ ಹೃದಯದ ಮಟ್ಟಕ್ಕಿರಬೇಕು. ಅಳುವ ಮಗುವಿನ ಬಿಪಿಯನ್ನು ದಯವಿಟ್ಟು ಬರೆದುಕೊಳ್ಳಬೇಡಿ. ಯಂತ್ರ ಹೆಚ್ಚು ತೋರಿಸಿದರೆ ಸ್ಟೆತಾಸ್ಕೋಪ್ ಇಟ್ಟು ಕೇಳಿಯೇ ಖಚಿತಪಡಿಸಿಕೊಳ್ಳಬೇಕು. ಹದಿಮೂರು ವರ್ಷದೊಳಗಿನವರಿಗೆ ದೊಡ್ಡವರ 120/80 ಲೆಕ್ಕ ಹಿಡಿಯಬೇಡಿ, ವಯಸ್ಸು, ಎತ್ತರ, ಗಂಡೋ ಹೆಣ್ಣೋ ನೋಡಿ ಹೇಳುವ ಬೇರೆ ಕೋಷ್ಟಕವೇ ಇದೆ.

ಮುಂದಿನ ಸಲ ಮಗುವಿಗೆ ಬಿಪಿ ನೋಡಲು ಬಂದವರನ್ನು, "ರೆಟ್ಟೆ ಅಳೆದ್ರಾ?" ಅಂತ ಕೇಳಿ. ಮುಖ ಗಂಟು ಹಾಕಿಕೊಂಡರೆ ಹಾಕಿಕೊಳ್ಳಲಿ. ನಮಸ್ಕಾರ.